ಎರಡೂ ತುದಿಯ ಒಂದು ಪರ್ಸೆಂಟ್

ಬೆಳಿಗ್ಗೆ ಹತ್ತೂಕಾಲು. ಸೆಮಿನಾರ್ ಶುರುವಾಗಲು ಇನ್ನೂ ಮುಕ್ಕಾಲು ಗಂಟೆಯಿತ್ತು, ಹಿಂದಿನ ಸಾಲಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅಣ್ಣ ಆಗಲೇ ಬಂದು ಕೂತಿದ್ದ. ಅವಳು ಅವನನ್ನು ಕರೆದಿರಲಿಲ್ಲ. ವಿಭಾಗದ ನೋಟೀಸಿನ ಕೊನೆಯಲ್ಲಿ ‘ಆಸಕ್ತರಿಗೆಲ್ಲ ಸ್ವಾಗತ’ ಎಂಬ ಸಾಲು ಪ್ರತಿ ಸಲವೂ ಇರುತ್ತದೆ, ಪ್ರತಿ ಸಲವೂ ಯಾರೂ ಬರುವುದಿಲ್ಲ. ಆ ನೋಟೀಸಿನ ಪ್ರತಿಯೊಂದನ್ನು ಅವಳು ಊಟದ ಮೇಜಿನ ಮೇಲೆ ಮರೆತಿರಬೇಕು, ಅತ್ತಿಗೆ ಓದಿರಬೇಕು. ಬಾಗಿಲಲ್ಲಿ ನಿಂತವಳಿಗೆ ಮೊದಲು ಕಂಡದ್ದು ಅವನ ಕತ್ತು. ಯಾರದಾದರೂ ಮದುವೆಗೆ ಮಾತ್ರ ಬೀರುವಿನಿಂದ ಹೊರಗೆ ಬರುವ ಬೂದು ಅಂಗಿ ತೊಟ್ಟು, ಕೊರಳ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ತಲೆ ಎತ್ತಿ ಫ್ಯಾನ್ ನೋಡುತ್ತಿದ್ದ.

“ಇದು ನಮ್ಮದಲ್ಲ ಕಣೇ,” ಅಂದ, ಅವಳು ಹತ್ತಿರ ಬಂದ ಕೂಡಲೇ. “ನಮ್ಮದಾಗಿದ್ರೆ ಹೀಗೆ ಅಲ್ಲಾಡ್ತಿರಲಿಲ್ಲ.”

“ಅಂಗಡಿಗೆ ಹೋಗಲ್ವಾ ಇವತ್ತು?”

“ಅರ್ಧ ದಿನ ರಜಾ. ಸಾಹುಕಾರ ಕೇಳ್ದ, ಏನು ವಿಶೇಷ ಅಂತ. ತಂಗಿ ಡಾಕ್ಟ್ರಾಗ್ತಾಳೆ ಅಂದೆ. ಯಾವ ಆಸ್ಪತ್ರೆ ಅಂದ.”

ಹೇಳಿ ತಾನೇ ನಕ್ಕ. ಈ ನಗೆಚಾಟಿಕೆ ಮನೆಯಲ್ಲಿ ಏಳು ವರ್ಷದಿಂದ ಸವೆದು ನುಣುಪಾಗಿತ್ತು. ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ವಾರದಲ್ಲೇ ಅತ್ತಿಗೆ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯತೊಡಗಿದ್ದಳು. ಮೊದಮೊದಲು ಅದರಲ್ಲಿ ಹೆಮ್ಮೆಯಿತ್ತು, ನಾಲ್ಕನೆಯ ವರ್ಷದ ಹೊತ್ತಿಗೆ ಸ್ವಲ್ಪ ಚುಚ್ಚು ಸೇರಿತ್ತು, ಈಗ ಎರಡೂ ಹೋಗಿ ಬರೀ ಹೆಸರಾಗಿ ಉಳಿದಿತ್ತು: ಡಾಕ್ಟ್ರಮ್ಮ, ಹಾಲು ಉಕ್ಕುತ್ತೆ ನೋಡು. ಕೆಳಗಿನ ಮನೆಯ ಮುದುಕಿ ಒಮ್ಮೆ ಮಂಡಿ ನೋವೆಂದು ಉಸ್ಸೆನ್ನುತ್ತ ಮೆಟ್ಟಿಲು ಹತ್ತಿ ಬಂದಿದ್ದಳು. ಇವಳು ಮನುಷ್ಯರ ಡಾಕ್ಟ್ರಲ್ಲ ಅಜ್ಜಿ, ಕಂಪನಿಗಳಿಗೆ ಬರೋ ಕಾಯಿಲೆ ನೋಡ್ತಾಳೆ ಎಂದಿದ್ದ ಅಣ್ಣ. ಬದುಕ್ತಾವಾ ಎಂದು ಕೇಳಿದ್ದಳು ಅಜ್ಜಿ. ಇಲ್ಲ, ಸತ್ತ ಮೇಲೆ ಯಾಕೆ ಸತ್ವು ಅಂತ ಹೇಳ್ತಾಳೆ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ನಕ್ಕು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಾಗ, ತಾನು ಮಾಡುತ್ತಿರುವ ಕೆಲಸವನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಇನ್ನಾರೂ ಹೇಳಿಲ್ಲ ಅನ್ನಿಸಿತ್ತು.

ಅವಳ ಪ್ರಬಂಧದ ವಿಷಯ ಲೆಕ್ಕಪರಿಶೋಧಕರ ಎಚ್ಚರಿಕೆ. ಕಂಪನಿಯೊಂದು ಮುಳುಗುವ ಸೂಚನೆ ಕಂಡರೆ ಆಡಿಟರ್ ತನ್ನ ವರದಿಯಲ್ಲಿ ಒಂದು ಪ್ಯಾರಾ ಬರೆಯಬೇಕು: ಈ ಸಂಸ್ಥೆ ಮುಂದೆ ನಡೆಯುವುದು ಅನುಮಾನ. ಆ ಪ್ಯಾರಾ ನಿಜವಾಗಿ ಕೆಲಸ ಮಾಡುತ್ತದೆಯೇ, ಮುಚ್ಚಿದ ಕಂಪನಿಗಳಿಗೆ ಮುಚ್ಚುವ ಮೊದಲು ಆ ಎಚ್ಚರಿಕೆ ಬಂದಿತ್ತೇ ಎಂಬುದು ಪ್ರಶ್ನೆ. ಬಂದಿತ್ತು ಎಂಬುದು ಉತ್ತರ. ಏಳು ವರ್ಷ, ನೂರಾರು ಕಂಪನಿ, ಎಂಟು ಕೋಷ್ಟಕ, ಮತ್ತು ಎಂಟನೆಯ ಕೋಷ್ಟಕದ ನಡುವಿನಲ್ಲಿ ಒಂದು ಸಂಖ್ಯೆ. ಅದರ ಪಕ್ಕದಲ್ಲಿ ಮೂರು ಪುಟ್ಟ ನಕ್ಷತ್ರ. ಫಲಿತಾಂಶ ಆಕಸ್ಮಿಕವಾಗಿ ಬಂದಿರುವ ಸಾಧ್ಯತೆ ತೀರಾ ಕಡಿಮೆ ಎಂದು ತೋರಿಸಲು ಸಂಖ್ಯೆಗಳ ಪಕ್ಕದಲ್ಲಿ ನಕ್ಷತ್ರ ಹಾಕುತ್ತಾರೆ. ಮೂರು ಅಂದರೆ ಗಟ್ಟಿ, ಒಂದು ಅಂದರೆ ಜೋಲು. ಎಷ್ಟು ಬಂದ್ರೆ ಪಾಸು ಎಂದು ಅತ್ತಿಗೆ ಕೇಳಿದ್ದಳು. ಮೂರು ಎಂದಾಗ, ಇವೆಯಲ್ಲ ಮತ್ತೆ, ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ ಎಂದಿದ್ದಳು.

ಅಣ್ಣ ಕೆಲಸಕ್ಕಿದ್ದ ಫ್ಯಾನ್ ಫ್ಯಾಕ್ಟರಿ ಮುಚ್ಚಿದ ಎರಡು ವರ್ಷಕ್ಕೆ ಅವಳು ಸಂಶೋಧನೆಗೆ ಸೇರಿದ್ದು. ಎರಡನ್ನೂ ಗಂಟು ಹಾಕಿದವನು ಅಣ್ಣ. ನಮ್ಮ ಫ್ಯಾಕ್ಟರಿ ಯಾಕೆ ಮುಚ್ಚಿತು ಅಂತ ನನ್ನ ತಂಗಿ ಕಂಡುಹಿಡೀತಿದಾಳೆ ಎಂದು ಹಳೆಯ ಸಹೋದ್ಯೋಗಿಗಳಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಈಗ ಕೆಲಸ ಮಾಡುವ ಎಲೆಕ್ಟ್ರಿಕಲ್ ಅಂಗಡಿಗೆ ಬಲ್ಬು ಕೊಳ್ಳಲು ಬಂದವರಿಗೆ ಹೇಳಿದ್ದ. ಅವಳು ಅಲ್ಲವೆಂದಿರಲಿಲ್ಲ. ನಿಜ ಸಂಗತಿ ಬೇರೆ ಇತ್ತು. ಅವಳ ಗೈಡ್ ಬಳಿ ಕಂಪನಿಗಳ ವಾರ್ಷಿಕ ವರದಿಗಳ ದತ್ತಾಂಶವೊಂದು ಸಿದ್ಧವಾಗಿತ್ತು, ಅದರಲ್ಲಿ ಆಡಿಟರ್ ವರದಿಯ ಕಾಲಮ್ಮೂ ಇತ್ತು, ಈ ವಿಷಯ ಮಾಡಿದರೆ ಮೂರು ವರ್ಷದಲ್ಲಿ ಮುಗಿಯುತ್ತೆ ಎಂದು ಅವರು ಹೇಳಿದ್ದರು. ಬೇರೆ ಕಾಲಮ್ ಇದ್ದಿದ್ದರೆ ಬೇರೆ ವಿಷಯವಾಗುತ್ತಿತ್ತು. “ನಾವು ಇದೀವೇನೇ ಅದರಲ್ಲಿ?” ಎಂದು ಅಣ್ಣ ವರ್ಷಕ್ಕೆರಡು ಸಲವಾದರೂ ಕೇಳುತ್ತಿದ್ದ, ಊಟದ ಮಧ್ಯೆ, ಅನ್ನ ಕಲಸುತ್ತ, ಬಹಳ ಮುಖ್ಯವಲ್ಲದ ಮಾತಿನ ಹಾಗೆ. “ಇದೀರಿ ಅಣ್ಣಾ,” ಎನ್ನುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ. ಮೂಲ ದತ್ತಾಂಶದಲ್ಲಿ ಫ್ಯಾಕ್ಟರಿಯ ಹೆಸರಿತ್ತು, ಅವಳೇ ಮೊದಲ ವರ್ಷದಲ್ಲಿ ಹುಡುಕಿ ನೋಡಿದ್ದಳು.

ಮೂರು ವಾರದ ಹಿಂದೆ, ಪ್ರಬಂಧದ ಕೊನೆಗೆ ಸೇರಿಸಲು ಕಂಪನಿಗಳ ಹೆಸರಿನ ಪಟ್ಟಿ ಮಾಡುತ್ತಿದ್ದಾಗ, ಆ ಹೆಸರು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅಕ್ಷರದ ಕ್ರಮ ತಪ್ಪಿರಬೇಕೆಂದು ಮತ್ತೆ ಜೋಡಿಸಿದಳು. ಇಲ್ಲ. ಆಮೇಲೆ ಹೊಳೆಯಿತು. ಈ ಶಾಸ್ತ್ರದಲ್ಲಿ ಒಂದು ಪದ್ಧತಿಯಿದೆ. ಕಂಪನಿಗಳನ್ನೆಲ್ಲ ಲಾಭದ ಪ್ರಮಾಣಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿ, ಎರಡೂ ತುದಿಯಿಂದ ಒಂದೊಂದು ಪರ್ಸೆಂಟ್ ಕತ್ತರಿಸಿಬಿಡುವುದು. ತೀರಾ ಅತಿರೇಕದ ಅಂಕಿ ಒಂದೆರಡಿದ್ದರೂ ಇಡೀ ಲೆಕ್ಕವನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ, ಅದಕ್ಕೆ. ಎಲ್ಲರೂ ಮಾಡುತ್ತಾರೆ, ಎಲ್ಲ ಪತ್ರಿಕೆಗಳೂ ಒಪ್ಪುತ್ತವೆ, ಪ್ರೋಗ್ರಾಮಿನಲ್ಲಿ ಒಂದೇ ಸಾಲಿನ ಆದೇಶ. ಅವಳು ಅದನ್ನು ಎರಡನೆಯ ವರ್ಷದಲ್ಲಿ ಬರೆದಿದ್ದಳು, ಆಮೇಲೆ ಸಾವಿರ ಸಲ ಓಡಿಸಿದ್ದಳು. ಕತ್ತರಿಸಿದ ಮೇಲೆ ಯಂತ್ರ ಎಷ್ಟು ಹೋದವು ಎಂದಷ್ಟೇ ಹೇಳುತ್ತದೆ. ಯಾರು ಹೋದರು ಎಂದು ಕೇಳಬೇಕು, ಕೇಳಿದರೆ ಹೇಳುತ್ತದೆ. ಅವಳು ಐದು ವರ್ಷ ಕೇಳಿರಲಿಲ್ಲ.

ಕೇಳಿದಾಗ ಪರದೆಯ ಮೇಲೆ ಒಂದು ಡಜನ್ ಹೆಸರು ಬಂದವು. ಅಣ್ಣನ ಫ್ಯಾಕ್ಟರಿ ಮೇಲಿನ ತುದಿಯಲ್ಲಿತ್ತು, ಅತಿ ಹೆಚ್ಚು ಲಾಭದವರ ಜೊತೆ. ಮುಚ್ಚುವ ಹಿಂದಿನ ವರ್ಷದ ಲಾಭ. ಆ ವರ್ಷ ಅವಳಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಆ ವರ್ಷದ ಗಡಿಯಾರ ಇವತ್ತಿಗೂ ಮನೆಯ ಗೋಡೆಯ ಮೇಲೆ ನಡೆಯುತ್ತಿದೆ. ಫ್ಯಾನಿನ ಮೂರು ರೆಕ್ಕೆಯ ಗುರುತಿನ ಕೆಳಗೆ ‘ನಮ್ಮ ಅತ್ಯುತ್ತಮ ವರ್ಷ’ ಎಂದು ಬರೆದ ದುಂಡು ಗಡಿಯಾರ, ಕೆಲಸಗಾರರಿಗೆಲ್ಲ ಒಂದೊಂದು. ಅಣ್ಣ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಬಂದಿದ್ದ, ಗಾಜು ಒಡೆದೀತೆಂದು. ಆ ವರ್ಷ ಫ್ಯಾನುಗಳು ಹಗಲೂ ರಾತ್ರಿ ತಯಾರಾಗಿ ದೂರದ ಗೋದಾಮುಗಳಿಗೆ ಹೋಗಿದ್ದವು. ಗೋದಾಮಿಗೆ ಹೋದದ್ದನ್ನೆಲ್ಲ ಮಾರಾಟವಾದದ್ದು ಎಂದು ಬರೆದಿದ್ದರು. ಆಡಿಟರ್ ವರದಿ ಹಾಲಿನಷ್ಟು ಬೆಳ್ಳಗಿತ್ತು, ಎಚ್ಚರಿಕೆಯ ಪ್ಯಾರಾ ಇರಲಿಲ್ಲ. ಮುಂದಿನ ವರ್ಷ ಫ್ಯಾನುಗಳು ಲಾರಿ ಲಾರಿ ವಾಪಸು ಬಂದವು, ಗೇಟು ಮುಚ್ಚಿತು. ಅವಳು ಉಳಿದ ಹೆಸರುಗಳನ್ನು ನೋಡಿದಳು. ಅರ್ಧಕ್ಕರ್ಧ ಇದೇ ಜಾತಿ. ಉಬ್ಬಿಸಿದ ಲಾಭ, ಶುಭ್ರ ವರದಿ, ಮರುವರ್ಷ ಬೀಗ. ಎಚ್ಚರಿಕೆ ಎಲ್ಲೆಲ್ಲಿ ಬರಲಿಲ್ಲವೋ ಅವೆಲ್ಲ ಅಂಕಿಯಲ್ಲಿ ಅತಿರೇಕವಾಗಿ ಕಂಡು, ಪದ್ಧತಿಯ ಪ್ರಕಾರ, ಮರ್ಯಾದೆಯಾಗಿ ಹೊರಗೆ ಹೋಗಿದ್ದವು. ಎಚ್ಚರಿಕೆ ಕೆಲಸ ಮಾಡುತ್ತದೆ ಎಂದು ಅವಳು ಬರೆದದ್ದು ಅದು ಕೆಲಸ ಮಾಡಿದ ಕಡೆ ಮಾತ್ರ ನೋಡಿ. ಅವುಗಳನ್ನು ವಾಪಸು ಸೇರಿಸಿ ಓಡಿಸಿದಳು. ಎಂಟನೆಯ ಕೋಷ್ಟಕದ ಸಂಖ್ಯೆ ಕುಗ್ಗಿತು. ಅದರ ಪಕ್ಕದಲ್ಲಿ ಒಂದೂ ನಕ್ಷತ್ರವಿರಲಿಲ್ಲ. ಪರದೆಯ ಮೇಲೆ ಧೂಳಿರಬಹುದೆಂದು ಸೆರಗಿನಿಂದ ಒರೆಸಿದ್ದಳು, ಇದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

“ಮೇಡಂ, ಸ್ವಲ್ಪ ಜಾಗ ಬಿಡಿ.” ಪ್ರೊಜೆಕ್ಟರ್ ಜೋಡಿಸಲು ಬಂದ ಅಟೆಂಡರ್ ಹೊಸಬ. ತಂತಿ ಎಳೆಯುತ್ತ ಅವಳ ನರೆತ ಬೈತಲೆಯತ್ತ ನೋಡಿದ. “ಮಗಳ ಸೆಮಿನಾರಾ?” ಎಂದ, ಸೌಜನ್ಯದಿಂದಲೇ. ಅವಳು ಅಲ್ಲ ಎನ್ನುವಷ್ಟರಲ್ಲಿ ಹಿಂದಿನಿಂದ ಅಣ್ಣ, “ಅವಳದೇ ಕಣಪ್ಪಾ. ನಿಧಾನ ಆಯ್ತು, ಅಷ್ಟೇ,” ಎಂದ. ಅಟೆಂಡರ್ ನಾಲಗೆ ಕಚ್ಚಿಕೊಂಡ. ನಿಧಾನ ಆಯ್ತು. ಅವಳ ಜೊತೆ ಸೇರಿದವರು ಡಿಗ್ರಿ ತೆಗೆದುಕೊಂಡು, ಮದುವೆಯಾಗಿ, ಈಗ ಬೇರೆ ಬೇರೆ ವಿಭಾಗಗಳಲ್ಲಿ ತಾವೇ ಗೈಡ್ ಆಗಿದ್ದರು. ಅವಳಿಗೆ ಇನ್ನೂ ಬೆಳಿಗ್ಗೆ ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕಿಯ ಕೆಲಸ, ಮಧ್ಯಾಹ್ನ ಗ್ರಂಥಾಲಯ, ನಡುವೆ ಗೈಡ್ ಕೋಣೆಯ ಹೊರಗಿನ ಬೆಂಚು. ಆ ಬೆಂಚಿನ ಎಡ ತುದಿಯಲ್ಲಿ ಒಂದು ಮೊಳೆ ಎದ್ದಿತ್ತು, ಅದಕ್ಕೆ ಅವಳ ಸೀರೆಗಳು ಒಂದೊಂದಾಗಿ ಸಿಕ್ಕಿದ್ದವು. ಗೈಡ್ ಕೆಟ್ಟವರಲ್ಲ. ಕೂಗಾಡಿದವರಲ್ಲ, ಒಳಗೊಂದು ಹೊರಗೊಂದು ಇಟ್ಟುಕೊಂಡವರಲ್ಲ. ಪ್ರತಿ ವರ್ಷ ಅವರ, ಅವರ ಹೆಂಡತಿಯ, ಅಳಿಯನ ತೆರಿಗೆ ರಿಟರ್ನ್‌ಗಳನ್ನು ಅವಳೇ ತುಂಬುತ್ತಿದ್ದಳು, ಕೇಳುವಾಗ ಅವರಿಗೇ ಸಂಕೋಚವಾಗುತ್ತಿತ್ತು. ನಿನ್ನಷ್ಟು ನೀಟಾಗಿ ಯಾರೂ ಮಾಡಲ್ಲಮ್ಮ, ಎನ್ನುತ್ತಿದ್ದರು. ಅವಳ ಪ್ರಬಂಧದ ಬಗ್ಗೆಯೂ ಅವರು ಹೇಳಿದ ಅತಿ ದೊಡ್ಡ ಹೊಗಳಿಕೆ ಅದೇ, ನೀಟಾಗಿದೆ.

ನಕ್ಷತ್ರಗಳು ಹೋದ ಮಾರನೆಯ ದಿನ ಅವಳು ಹೊಸ ಕೋಷ್ಟಕ ಹಿಡಿದು ಆ ಬೆಂಚಿನ ಮೇಲೆ ಕಾದಿದ್ದಳು. ಗೈಡ್ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದು ನೋಡಿ, ಮೇಜಿನ ಮೇಲೆ ಮಗುಚಿಟ್ಟರು.

“ಟ್ರಿಮ್ ಮಾಡೋದು ಪದ್ಧತಿ ತಾನೇ?”

“ಹೌದು ಸರ್.”

“ಎಲ್ಲರೂ ಮಾಡ್ತಾರೆ ತಾನೇ? ನಾನು ಮಾಡಿದೀನಿ, ನಮ್ಮ ಗೈಡ್ ಮಾಡಿದಾರೆ. ನೀನು ಯಾವುದನ್ನೂ ಮುಚ್ಚಿಟ್ಟಿಲ್ಲ. ಮೂರನೇ ಅಧ್ಯಾಯದಲ್ಲಿ ಬರೆದಿದೀಯ, ಎರಡೂ ತುದಿಯ ಒಂದು ಪರ್ಸೆಂಟ್ ಬಿಡಲಾಗಿದೆ ಅಂತ.”

“ಬರೆದಿದೀನಿ ಸರ್. ಆದ್ರೆ ಬಿಟ್ಟದ್ರಲ್ಲೇ—”

“ನೋಡಮ್ಮಾ. ನಿನ್ನ ಎಕ್ಸ್‌ಟೆನ್ಶನ್ ಎರಡೂ ಮುಗಿದಿವೆ. ಈ ಟರ್ಮ್ ದಾಟಿದ್ರೆ ಹೊಸದಾಗಿ ನೋಂದಣಿ ಮಾಡ್ಬೇಕು. ನನಗೆ ರಿಟೈರ್‌ಮೆಂಟು. ಹೊಸ ಗೈಡು, ಹೊಸ ವಿಷಯ. ಆಗುತ್ತಾ ನಿನ್ನ ಕೈಲಿ?” ಅವರು ಸ್ವಲ್ಪ ಮೆತ್ತಗಾಗಿ, “ಕೆದಕಬೇಡ. ಡಿಗ್ರಿ ತಗೋ. ಆಮೇಲೆ ಇದರ ಮೇಲೇ ಇನ್ನೊಂದು ಪೇಪರ್ ಬರಿ, ಯಾರು ಬೇಡ ಅಂತಾರೆ,” ಎಂದರು. ಅದು ಸಮಂಜಸವಾದ ಮಾತು. ಸಮಂಜಸವಾಗಿದ್ದದ್ದೇ ಕಷ್ಟವಾಗಿತ್ತು. ಯಾರಾದರೂ ಸುಳ್ಳು ಹೇಳು ಎಂದಿದ್ದರೆ ಅವಳು ಒಲ್ಲೆ ಎನ್ನಬಹುದಿತ್ತು. ಇಲ್ಲಿ ಯಾರೂ ಸುಳ್ಳು ಕೇಳಿರಲಿಲ್ಲ, ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಮೆಟ್ಟಿಲಿಳಿಯುವಾಗ ಅವಳಿಗೆ ಕಾಲೇಜಿನ ಪ್ರಿನ್ಸಿಪಾಲ್ ನೆನಪಾದರು. ಡಿಗ್ರಿ ಬಂದರೆ ಕಾಯಂ, ಇಲ್ಲದಿದ್ದರೆ ಮುಂದಿನ ವರ್ಷ ಹೊಸಬರನ್ನು ನೋಡ್ತೀವಿ ಎಂದು ಅವರೂ ಅಷ್ಟೇ ಸಮಂಜಸವಾಗಿ ಹೇಳಿದ್ದರು.

ಹನ್ನೊಂದಕ್ಕೆ ಸರಿಯಾಗಿ ಹೊರಗಿನ ತಜ್ಞರು ಬಂದರು. ಸಣಕಲು ಮನುಷ್ಯ, ಕೈಯಲ್ಲಿ ಸಣ್ಣ ಸೂಟ್‌ಕೇಸು, ಬಂದವರೇ ವಾಪಸ್ ರೈಲು ಎಷ್ಟು ಹೊತ್ತಿಗೆ ಎಂದು ಗೈಡನ್ನು ಕೇಳಿದರು. ಮುಂದಿನ ಸಾಲಿನಲ್ಲಿ ಅವರಿಬ್ಬರು, ಮಧ್ಯದಲ್ಲಿ ಹಾಜರಾತಿಗಾಗಿ ಬಂದ ನಾಲ್ಕೈದು ಮಂದಿ ಕಿರಿಯ ಸಂಶೋಧಕರು, ಹಿಂದೆ ಅಣ್ಣ. ಅವಳು ಮಾತಾಡತೊಡಗಿದಳು. ತನ್ನ ದನಿ ತನಗೇ ಪಕ್ಕದ ಕೋಣೆಯಿಂದ ಬರುವ ಹಾಗೆ ಕೇಳಿಸುತ್ತಿತ್ತು, ತರಗತಿಯಲ್ಲಿ ಸವಕಳಿಯ ಪಾಠವನ್ನು ಇಪ್ಪತ್ತನೆಯ ಸಲ ಮಾಡುವಾಗ ಕೇಳಿಸುವ ಹಾಗೆ. ಒಂದು ಕೋಷ್ಟಕ, ಇನ್ನೊಂದು ಕೋಷ್ಟಕ. ಕಿರಿಯರಲ್ಲೊಬ್ಬ ಮೇಜಿನ ಕೆಳಗೆ ಫೋನ್ ನೋಡುತ್ತಿದ್ದ. ಅಣ್ಣ ಅರ್ಥವಾಗುತ್ತಿರುವವನ ಹಾಗೆ ಆಗಾಗ ತಲೆಯಾಡಿಸುತ್ತಿದ್ದ, ಅರ್ಥವಾಗದೆ ಬೇಸರ ಬಂದಾಗ ಫ್ಯಾನಿನತ್ತ ನೋಡುತ್ತಿದ್ದ. ಫ್ಯಾಕ್ಟರಿಯಲ್ಲಿ ಅವನು ಇಪ್ಪತ್ತೆರಡು ವರ್ಷ ಬ್ಯಾಲೆನ್ಸಿಂಗ್ ಸೆಕ್ಷನ್ನಿನಲ್ಲಿದ್ದವನು. ತಯಾರಾದ ಫ್ಯಾನನ್ನು ತೂಗುಹಾಕಿ, ತಿರುಗಿಸಿ, ಅಲ್ಲಾಡಿದರೆ ರೆಕ್ಕೆಗೆ ಸಣ್ಣ ಬಿಲ್ಲೆ ಹಚ್ಚಿ ಸರಿ ಮಾಡುವುದು. ಸರಿಯಾಗದ್ದು ಪಕ್ಕಕ್ಕೆ. ಚಿಕ್ಕವಳಿದ್ದಾಗ ಅವಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಸೂರಿನ ತುಂಬ ಸಾಲುಸಾಲು ಫ್ಯಾನುಗಳು ಒಟ್ಟಿಗೆ ತಿರುಗುತ್ತಿದ್ದವು, ಕೆಳಗೆ ನಿಂತವರ ಕೂದಲು ಹಾರುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ, ಎಲ್ಲರೂ ಕೈಸನ್ನೆ ಮಾಡಿಕೊಂಡು ನಗುತ್ತಿದ್ದರು. ಅಷ್ಟು ಗಾಳಿಯನ್ನು ಅವಳು ಆಮೇಲೆ ಎಲ್ಲೂ ಕಂಡಿಲ್ಲ.

ಎಂಟನೆಯ ಕೋಷ್ಟಕ ಬಂತು. ಮೂರು ನಕ್ಷತ್ರ. ‘ಧನ್ಯವಾದಗಳು’ ಎಂಬ ಪುಟ ಬಂತು. ಅದರ ನಂತರ ಇನ್ನೂ ಒಂದು ಪುಟವಿತ್ತು, ನಕ್ಷತ್ರವಿಲ್ಲದ್ದು. ನಿನ್ನೆ ಅದನ್ನು ಅಳಿಸಲೆಂದು ಹೋಗಿ ಅಳಿಸದೆ ಬಿಟ್ಟಿದ್ದಳು. ಒಂದು ಗುಂಡಿ ಒತ್ತಿದರೆ ಗೋಡೆಯ ಮೇಲೆ ಬೀಳುತ್ತಿತ್ತು. ತಜ್ಞರು ಗಂಟಲು ಸರಿಮಾಡಿಕೊಂಡು, ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುವವರ ದನಿಯಲ್ಲಿ, “ಅತಿರೇಕದ ಅಂಕಿಗಳನ್ನ ಏನು ಮಾಡಿದಿರಿ?” ಎಂದರು.

ಬೆರಳು ಗುಂಡಿಯ ಮೇಲಿತ್ತು. ಪ್ರೊಜೆಕ್ಟರಿನ ಬಿಸಿ ಗಾಳಿ ಮುಂಗೈಗೆ ಬಡಿಯುತ್ತಿತ್ತು. ಗೈಡ್ ಅವಳತ್ತ ನೋಡಲಿಲ್ಲ, ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದರು. ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಬಂದಾಗ ತನ್ನೊಳಗೆ ಏನೋ ಆಗುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಬಾಯಿ ತಾನಾಗಿ ತೆರೆಯಿತು. “ಪದ್ಧತಿಯಂತೆ ಎರಡೂ ತುದಿಯ ಒಂದು ಪರ್ಸೆಂಟನ್ನು ತೆಗೆದುಹಾಕಿದೆ ಸರ್.”

“ಸರಿ,” ಎಂದರು ತಜ್ಞರು. ಬರೆದುಕೊಂಡರು. “ನೀಟಾಗಿದೆ.”

ಹಿಂದಿನ ಸಾಲಿನಲ್ಲಿ ಫ್ಯಾನ್ ನೋಡುತ್ತಿದ್ದ ಅಣ್ಣನ ಕತ್ತು ಕೆಳಗಿಳಿಯಿತು.

ಕಾರಿಡಾರಿನಲ್ಲಿ ಚಹಾ ಇಟ್ಟಿದ್ದರು. ಒಳಗೆ ಗೈಡ್ ಮತ್ತು ತಜ್ಞರು ಸಮಿತಿಯ ಫಾರಮ್ಮಿಗೆ ಸಹಿ ಮಾಡುತ್ತಿದ್ದರು; ಪ್ರಬಂಧ ಸಲ್ಲಿಸಲು ಶಿಫಾರಸು ಮಾಡಲಾಗಿದೆ. ಅಣ್ಣ ಎರಡು ಲೋಟ ಹಿಡಿದುಕೊಂಡು ಬಂದು ಒಂದನ್ನು ಅವಳಿಗೆ ಕೊಟ್ಟ. ಕೊರಳ ಗುಂಡಿ ಬಿಚ್ಚಿದ್ದ. ಇಬ್ಬರೂ ಕಿಟಕಿಯ ಕಟ್ಟೆಗೆ ಒರಗಿ ನಿಂತರು.

“ಚೆನ್ನಾಗಿ ಮಾತಾಡ್ದೆ. ನೀರು ಕುಡೀಬೇಕಿತ್ತು ಮಧ್ಯೆ.”

“ಹೂಂ.”

“ಅದೇನೋ ಒಂದು ಪರ್ಸೆಂಟ್ ತೆಗೆದೆ ಅಂದ್ಯಲ್ಲ, ಯಾರನ್ನ ತೆಗ್ದೆ?”

“ತೀರಾ ಮೇಲೆ, ತೀರಾ ಕೆಳಗೆ ಇರೋರನ್ನ. ಲಾಭದಲ್ಲಿ.”

“ಕೆಳಗೆ ಅಂದ್ರೆ ನಾವೇ,” ಎಂದು ನಕ್ಕ.

“ನೀವು ಮೇಲಿದ್ರಿ ಅಣ್ಣಾ.”

ಅವನು ಲೋಟವನ್ನು ತುಟಿಯವರೆಗೆ ಒಯ್ದವನು ಹಾಗೇ ಹಿಡಿದ. “ಗಡಿಯಾರದ ವರ್ಷ,” ಎಂದ. ಅವಳು ತಲೆಯಾಡಿಸಿದಳು. “ಅಂದ್ರೆ ನಾವಿಲ್ಲ ಅದ್ರಲ್ಲಿ.”

“ಇಲ್ಲ.”

“ಯಾವಾಗಿಂದ?”

“ಮೊದಲಿಂದ್ಲೂ. ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ.”

“ವಾಪಸ್ ಸೇರಿಸಿದ್ರೆ?”

“ಸೇರಿಸಿ ನೋಡ್ದೆ. ನಾನು ಬರೆದದ್ದು ನಿಲ್ಲಲ್ಲ. ಡಿಗ್ರಿ ಬರೋದು ಕಷ್ಟ ಆಗುತ್ತೆ.”

ಅವನು ಚಹಾ ಕುಡಿದ, ಕೊನೆಯ ಗುಟುಕಿನವರೆಗೆ, ಲೋಟವನ್ನು ಬಗ್ಗಿಸಿ ತಳ ನೋಡಿದ. ಕೂಗಾಡುತ್ತಾನೆ ಎಂದುಕೊಂಡಳು. ಕೂಗಾಡಲಿ ಎಂದುಕೊಂಡಳು. ಗೇಟು ಮುಚ್ಚಿದ ದಿನ ಅವನು ಮನೆಗೆ ಬಂದು, ಅನ್ನ ತಣ್ಣಗಾಗಿದೆ ಎಂಬುದಕ್ಕೆ ಅತ್ತಿಗೆಯ ಮೇಲೆ ಇಡೀ ಕೇರಿಗೆ ಕೇಳಿಸುವಂತೆ ರೇಗಿದ್ದ. ಆ ದನಿ ಈಗ ಬಂದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಹಾಗಾದ್ರೆ ಬಿಡು,” ಎಂದ. “ನಾವೂ ಹಾಗೇ ಮಾಡ್ತಿದ್ವಲ್ಲ. ಅಲ್ಲಾಡೋ ಫ್ಯಾನನ್ನ ಎತ್ತಿ ಪಕ್ಕಕ್ಕಿಡ್ತಿದ್ವಿ. ಒಂದರ ಸಲುವಾಗಿ ಇಡೀ ಲಾಟು ನಿಲ್ಸಕ್ಕಾಗುತ್ತಾ? ನೀನು ಮೊದಲು ಡಾಕ್ಟ್ರಾಗು.” ಆಮೇಲೆ, ಖಾಲಿ ಲೋಟವನ್ನು ಅವಳ ಲೋಟದೊಳಗೆ ಇಳಿಬಿಡುತ್ತ, “ನಿಮ್ಮ ಅತ್ತಿಗೆಗೆ ಮಾತ್ರ ಹೇಳ್ಬೇಡ. ಅವಳು ಇದೀವಿ ಅಂತಾನೇ ತಿಳ್ಕೊಂಡಿದಾಳೆ,” ಎಂದ.

ಅವನ ಹೋಲಿಕೆ ತಪ್ಪಾಗಿತ್ತು. ಅಲ್ಲಾಡಿದ್ದು ಫ್ಯಾನಲ್ಲ, ಅದನ್ನು ತಿರುಗಿಸಿ ನೋಡಬೇಕಾಗಿದ್ದವರು. ಹೇಳಬೇಕೆಂದು ಬಾಯಿ ತೆರೆದಳು. ಅವನು ಆಗಲೇ ಹೊರಗೆ ಬಂದ ಗೈಡ್ ಅವರತ್ತ ತಿರುಗಿ, ಎರಡೂ ಕೈ ಮುಗಿದು, ನಿಮ್ಮಿಂದ ಬಹಳ ಉಪಕಾರವಾಯ್ತು ಸಾರ್ ಎನ್ನುತ್ತಿದ್ದ. ಗೈಡ್ ಅವನ ಹೆಗಲು ತಟ್ಟಿದರು. ತಜ್ಞರು ಸೂಟ್‌ಕೇಸು ಎತ್ತಿಕೊಂಡು, ಇವರು ಯಾರು ಎಂದು ಕೇಳಿದಾಗ, “ಇವಳ ಅಣ್ಣ ಸಾರ್,” ಎಂದ ಅಣ್ಣ, ಬೇರೇನನ್ನೂ ಸೇರಿಸದೆ. ಫ್ಯಾಕ್ಟರಿಯ ಮಾತೆತ್ತದೆ ಅವನು ತನ್ನ ಪರಿಚಯ ಹೇಳಿಕೊಂಡದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ.

ಬಸ್ಸಿನಲ್ಲಿ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಅಂಗಿಯ ಕಂಕುಳಲ್ಲಿ ಹಳೆಯ ಹೊಲಿಗೆ ಬಿಟ್ಟು ಒಳಗಿನ ಬಿಳಿ ಬನಿಯನ್ ಕಾಣುತ್ತಿತ್ತು. ಅವಳ ಮಡಿಲಲ್ಲಿ ಸಹಿಯಾದ ಫಾರಮ್ಮಿನ ಲಕೋಟೆಯಿತ್ತು. ಸಂತೋಷವಾಗಬೇಕಿತ್ತು, ಆಗದಿದ್ದರೆ ದುಃಖವಾದರೂ ಆಗಬೇಕಿತ್ತು. ಆಗುತ್ತಿದ್ದದ್ದು ದಣಿವು ಮಾತ್ರ. ಏಳು ವರ್ಷ ಇದೀರಿ ಇದೀರಿ ಎಂದು ಹೇಳಿದ ಬಾಯಿಯ ದಣಿವು. ಮುಂದೆಯೂ ಅತ್ತಿಗೆಗೆ ಹೇಳುತ್ತಿರಬೇಕು, ಹಳೆಯ ಸಹೋದ್ಯೋಗಿಗಳು ಬಂದರೆ ಹೇಳುತ್ತಿರಬೇಕು, ಪ್ರಬಂಧ ಪುಸ್ತಕವಾದರೆ ಮೊದಲ ಪ್ರತಿಯನ್ನು ಅಣ್ಣನ ಕೈಗೆ ಕೊಡುವಾಗ ಅವನು ಎಲ್ಲರೆದುರು ಪುಟ ತಿರುವಿ ಹುಡುಕುವಂತೆ ನಟಿಸುವುದನ್ನು ನೋಡುತ್ತಿರಬೇಕು. ಅವನು ನಟಿಸುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಅವಳಿಗಾಗಿ ನಟಿಸುತ್ತಾನೆ. ಬಸ್ಸು ಗುಂಡಿಯೊಂದನ್ನು ಇಳಿದು ಹತ್ತಿತು, ಅವನ ತಲೆ ಗಾಜಿಗೆ ಬಡಿಯಿತು, ಎಚ್ಚರವಾಗಲಿಲ್ಲ. ಅವಳು ತನ್ನ ಕೈಚೀಲವನ್ನು ಮಡಚಿ ಗಾಜಿಗೂ ಅವನ ತಲೆಗೂ ನಡುವೆ ಇಟ್ಟಳು. ನಿಲ್ದಾಣ ಬರುವವರೆಗೆ ಹಾಗೇ ಹಿಡಿದಿದ್ದಳು, ತೋಳು ನೋಯುತ್ತಿದ್ದರೂ.

ಭಾನುವಾರ ಮಧ್ಯಾಹ್ನ ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು. ಗಡಿಯಾರ ನಡೆಯುತ್ತಿತ್ತು, ಐದು ನಿಮಿಷ ಮುಂದೆ, ಮೊದಲಿಂದಲೂ. ಅವಳು ಕಂಪ್ಯೂಟರ್ ತೆರೆದು ಎಂಟನೆಯ ಕೋಷ್ಟಕದ ಕೆಳಗೆ ಒಂಬತ್ತನೆಯದನ್ನು ಸೇರಿಸಿದಳು. ಕಂಪನಿಗಳನ್ನು ಬಿಡದೆ ಮಾಡಿದ ಲೆಕ್ಕ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬಿಟ್ಟ ಕಂಪನಿಗಳ ಹೆಸರುಗಳನ್ನು ಒಂದೂ ಬಿಡದೆ ಬರೆದಳು, ಅವುಗಳಲ್ಲಿ ಯಾವುವು ಎಚ್ಚರಿಕೆಯಿಲ್ಲದೆ ಮುಚ್ಚಿದವು ಎಂಬುದನ್ನೂ. ಆಮೇಲೆ ಉಪಸಂಹಾರದಲ್ಲಿ ‘ಎಚ್ಚರಿಕೆ ಕೆಲಸ ಮಾಡುತ್ತದೆ’ ಎಂಬಲ್ಲಿ, ‘ಲಾಭವನ್ನು ಉಬ್ಬಿಸದ ಕಡೆ’ ಎಂದು ಸೇರಿಸಿದಳು. ಅದಕ್ಕೆ ಧೈರ್ಯವೇನೂ ಬೇಕಾಗಲಿಲ್ಲ. ಒಲೆಯ ಮೇಲಿಟ್ಟದ್ದನ್ನು ಇಳಿಸಿದಷ್ಟೇ ಸಹಜವಾಗಿ ಕೈ ಕೆಲಸ ಮಾಡಿತು.

“ಮುಗಿದಿಲ್ವಾ ಇನ್ನೂ?” ಎಂದಳು ಅತ್ತಿಗೆ, ಅಂಗಿಯ ತೋಳು ಜಗ್ಗಿ ನೆಟ್ಟಗೆ ಮಾಡುತ್ತ. “ಸಹಿ ಆಯ್ತು ಅಂದ್ರು ನಿಮ್ಮಣ್ಣ.”

“ಸ್ವಲ್ಪ ಸೇರಿಸೋದಿತ್ತು.”

“ನಕ್ಷತ್ರಾನಾ?”

“ಇಲ್ಲ ಅತ್ತಿಗೆ. ಹೆಸರುಗಳು.”

ಸೋಮವಾರ ಗೈಡ್ ಒಂಬತ್ತನೆಯ ಕೋಷ್ಟಕವನ್ನು ಬಹಳ ಹೊತ್ತು ನೋಡಿದರು. ಇದನ್ನು ನೋಡಿದ ಪರೀಕ್ಷಕ ಸುಮ್ಮನಿರುತ್ತಾನೆಯೇ ಎಂದು ಕೇಳಿದರು. ಇರಲಾರರು ಸರ್ ಎಂದಳು. ಗೊತ್ತಿದ್ದೂ ಹಾಕ್ತೀಯಾ ಎಂದರು. ಹೂಂ ಎಂದಳು. ನಿನ್ನ ತಲೆ ಕೆಟ್ಟಿದೆ ಎಂದು, ಸಿಟ್ಟಿಗಿಂತ ಹೆಚ್ಚು ಸುಸ್ತಿನಿಂದ ಹೇಳಿ, ಸಹಿ ಮಾಡಿದರು. ಮಾಡಿ, ಈ ವರ್ಷದ ರಿಟರ್ನ್ ಕಾಗದಗಳು ಒಂದು ಕವರಿನಲ್ಲಿವೆ, ಹೋಗುವಾಗ ತಗೊಂಡು ಹೋಗು ಎಂದರು. ಅವಳು ತೆಗೆದುಕೊಂಡು ಹೋದಳು.

ಪ್ರಬಂಧ ಅವಧಿಯೊಳಗೆ ಸಲ್ಲಿಕೆಯಾಯಿತು. ಏಳು ತಿಂಗಳ ನಂತರ, ಮುಖ್ಯ ತೀರ್ಮಾನವನ್ನು ಮತ್ತೆ ಬರೆಯಬೇಕೆಂಬ ಪರೀಕ್ಷಕರ ಟಿಪ್ಪಣಿಯೊಂದಿಗೆ ಹಿಂದಕ್ಕೆ ಬಂತು. ಪಾರ್ಸಲ್ ಬಂದಾಗ ಅವಳು ಕೆಲಸ ಹುಡುಕಿಕೊಂಡು ಇನ್ನೊಂದು ಕಾಲೇಜಿಗೆ ಹೋಗಿದ್ದಳು. ಅಣ್ಣ ಸಹಿ ಹಾಕಿ ತೆಗೆದುಕೊಂಡ.